ಕಲ್ಲಿನೊಳಗಿನ ಉಸಿರು

ಪರದೆಯ ಮೇಲೆ ಇನ್ನೂರ ತೊಂಬತ್ತೆಂಟು ಚಿಲ್ಲರೆ ಎಂದು ಮೂಡಿದಾಗ ಲ್ಯಾಬಿನ ಟೆಕ್ನಿಷಿಯನ್ ಹೆಂಗಸು ಕುರ್ಚಿಯಿಂದ ಎದ್ದು ನಿಂತಳು. ನಾವು ನೀವು ಉಸಿರಾಡುವ ಗಾಳಿಯಲ್ಲಿ ಎರಡು ಬಗೆಯ ಆರ್ಗಾನ್ ಅನಿಲ ಒಂದಕ್ಕೆ ಇಷ್ಟರಂತೆ ಬೆರೆತಿರುವ ಲೆಕ್ಕ ಅದು. ಈ ಕೆಲಸದವರಿಗೆ ನಿದ್ದೆಯಲ್ಲಿ ಕೇಳಿದರೂ ಬಾಯಿಗೆ ಬರುತ್ತದೆ. ಬರಬೇಕಾಗಿದ್ದದ್ದು ಬೇರೊಂದು ಗ್ರಹದ ಲೆಕ್ಕ. ಆ ಗ್ರಹ ಇನ್ನೂ ಹಸುಗೂಸಾಗಿದ್ದಾಗ, ನಾನೂರು ಕೋಟಿ ವರ್ಷಗಳ ಹಿಂದೆ, ಅದರ ಗಾಳಿಯ ಒಂದು ಗುಟುಕು ಈ ಉಲ್ಕೆಯ ಕಲ್ಲಿನಲ್ಲಿ ಸಿಕ್ಕಿಕೊಂಡಿರಬೇಕಿತ್ತು. ಸಾಸಿವೆಯಷ್ಟಿದ್ದ ಕೊನೆಯ ಚೂರನ್ನು ಅವಳು ಲೇಸರಿನಲ್ಲಿ ಕರಗಿಸಿ ಹತ್ತು ನಿಮಿಷವಾಗಿತ್ತು. ಎಲ್ಲಿಂದಲೋ ಕೋಣೆಯ ಗಾಳಿ ಸೋರಿ ಯಂತ್ರದೊಳಗೆ ಸೇರಿತ್ತು.

ಎಲ್ಲಿಂದ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಿನ್ನೆ ಯಂತ್ರದ ಕೊಳವೆಯ ನಟ್ಟುಗಳನ್ನು ಬಿಗಿಮಾಡುವಾಗ ಮೇಷ್ಟ್ರು ಪಕ್ಕದಲ್ಲೇ ಕೂತು, ಭೂಮಿಗೆ ಇನ್ನೊಂದು ಗ್ರಹ ಡಿಕ್ಕಿ ಹೊಡೆದು ಚಂದ್ರ ಹುಟ್ಟಿದ ಕಥೆಯನ್ನು ನೆರೆಮನೆಯ ಜಗಳದ ಹಾಗೆ ಬಣ್ಣಿಸುತ್ತಿದ್ದರು. ಇದೇ ಲ್ಯಾಬಿನಿಂದ ನಿವೃತ್ತರಾಗಿ ಆರು ವರ್ಷವಾದರೂ ಈ ಕಲ್ಲಿನ ಆಸೆಗೆ ಅವರು ದಿನಾ ಸಂಜೆ ಬರುತ್ತಿದ್ದರು. ಅವಳೊಡನೆ ಇಡೀ ದಿನದಲ್ಲಿ ಮಾತಾಡುವವರು ಅವರೊಬ್ಬರೇ. ಮನೆಗೆ ಹೋದರೆ ಬೀಗ ತೆಗೆಯುವವಳೂ ಅವಳೇ. ನಗುತ್ತ ನಗುತ್ತ ಕೊನೆಯ ನಟ್ಟಿಗೆ ಇನ್ನೊಂದು ಕಾಲು ಸುತ್ತು ಕೊಡುವುದನ್ನು ಮರೆತಿದ್ದಳು.

ಕಲ್ಲಿನಲ್ಲಿ ಏನೂ ಇರಲಿಲ್ಲ ಎಂದುಬಿಟ್ಟರೆ ಅವಳ ತಪ್ಪನ್ನು ಯಾರೂ ಕೇಳುವಂತಿರಲಿಲ್ಲ. ಆದರೆ ಈ ಕಲ್ಲಿನಲ್ಲಿ ಆ ಹಳೆಯ ಗಾಳಿ ಇದೆ ಎಂದು ಮೂವತ್ತು ವರ್ಷದಿಂದ ಮೇಷ್ಟ್ರು ವಾದಿಸಿದ್ದೆಲ್ಲ ಸುಳ್ಳೆಂದಾಗುತ್ತಿತ್ತು.

“ಏನಮ್ಮ, ಸಿಕ್ಕಿದನಾ ನಮ್ಮ ಪುಣ್ಯಾತ್ಮ?” ಮೇಷ್ಟ್ರು ಬಾಗಿಲಲ್ಲೇ ಕೇಳಿದರು.

“ಹೊರಗಿನ ಗಾಳಿ ಸೇರ್ಕೊಂಡಿದೆ ಸಾರ್. ನಂದೇ ತಪ್ಪು, ನಟ್ಟು ಪೂರ್ತಿ ಬಿಗಿ ಮಾಡಿರಲಿಲ್ಲ.”

ಮೇಷ್ಟ್ರು ಪರದೆ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

“ನೀನು ಹಾಗೆಲ್ಲ ಮರೆಯೋಳಲ್ವಲ್ಲ. ಯಾವ ಯೋಚನೇಲಿದ್ದೆ?”

ನಿಮ್ಮ ಮಾತು ಕೇಳುತ್ತಿದ್ದೆ ಎನ್ನಬೇಕೆಂದುಕೊಂಡವಳು ಸ್ಪ್ಯಾನರನ್ನು ಎತ್ತಿ ಪಕ್ಕಕ್ಕಿಟ್ಟಳು. “ಏನೋ ಸಾರ್. ಗಮನ ಇರ್ಲಿಲ್ಲ.”

“ಹೋಗ್ಲಿ ಬಿಡು. ನಾನು ಹೇಳಿದ್ದು ತಪ್ಪು ಅಂತಾನೂ ಆಗ್ಲಿಲ್ವಲ್ಲ.” ಬಾಗಿಲ ಕಡೆ ತಿರುಗಿದರು. “ಇನ್ನು ಇಷ್ಟು ದೂರ ಬಸ್ಸಲ್ಲಿ ಜೋತಾಡ್ಕೊಂಡು ಬರೋದು ತಪ್ಪಿತು ನೋಡು.”

ಚೆನ್ನಾಗಿ ಬೈದಿದ್ದರೆ, ಉಳಿದದ್ದನ್ನು ಬೈಯಲಾದರೂ ನಾಳೆ ಬರುತ್ತಿದ್ದರೇನೋ. ಬೈಯಲಿಲ್ಲವಲ್ಲ ಎಂದೇ ಅವಳಿಗೆ ಅಳು ಬಂತು.

ಅವರು ಹೋದ ಮೇಲೆ ಕಿಟಕಿಯ ಹತ್ತಿರ ಹೋಗಿ ನಿಂತಳು. ಕೆಳಗೆ ನಿಲ್ದಾಣದಲ್ಲಿ ಮೇಷ್ಟ್ರು ಒಂದು ಬಸ್ಸನ್ನು ಬಿಟ್ಟರು. ಅದರ ಹಿಂದೆಯೇ ಬಂದ ಇನ್ನೊಂದನ್ನೂ ಬಿಟ್ಟರು. ಇಳಿದು ಹೋಗಲೇ ಎಂದು ಅವಳು ಯೋಚಿಸುತ್ತಿದ್ದಾಗ ಮೂರನೆಯದು ಬಂದು ನಿಂತಿತು. ಅದು ಹೊರಟ ಮೇಲೆ ನಿಲ್ದಾಣದಲ್ಲಿ ಯಾರೂ ಇರಲಿಲ್ಲ.