ಅಂಚೆ ಕಚೇರಿಯ ಗೋಡೆ ಮೇಲೆ ನಮ್ಮಣ್ಣ

ನಮ್ಮಣ್ಣ ಹೋಸಿಯಾ, ಊರ ಹೊಳೆಯಲ್ಲಿ ಮುಳುಗಿ ಸತ್ತು ನಾಲ್ಕು ವರ್ಷವಾಗಿತ್ತು. ಸತ್ತ ಅಂತಲೇ ನಾನು ನಂಬಿದ್ದೆ. ಟಾಲಿವರ್ ಊರಿಗೆ ಊರೇ ನಂಬಿತ್ತು. ಅವನ ಕೋಟು, ಬೂಟು ದಡದ ಕೆಸರಲ್ಲಿ ಸಿಕ್ಕಿದ್ದವು. ಹೆಣ ಸಿಗಲಿಲ್ಲ. ಆ ಹೊಳೆ ತಗೊಂಡದ್ದನ್ನು ವಾಪಸು ಕೊಟ್ಟಿದ್ದು ಕಡಿಮೆ. ಕೋಟನ್ನೇ ಪೆಟ್ಟಿಗೆಯಲ್ಲಿಟ್ಟು ನಮ್ಮ ಚರ್ಚಿನ ಹಿಂದೆ ಮಣ್ಣು ಮಾಡಿದೆವು.

ಅವನು ಸತ್ತದ್ದು ನನ್ನಿಂದ ಅನ್ನುವುದು ನನ್ನ ಎದೆಯೊಳಗಿನ ಮುಳ್ಳು. ನನಗಾಗ ಹದಿನೈದು. ಹತ್ತಿ ತೂಗುವ ಹೊತ್ತಿನಲ್ಲಿ ನಾವು ದುಡಿಯುತ್ತಿದ್ದ ಎಸ್ಟೇಟಿನ ಮೇಸ್ತ್ರಿ ಟ್ರಾಸ್ಕ್, ಮೂಟೆಯಲ್ಲಿ ಸಿಪ್ಪೆ ಜಾಸ್ತಿ ಇದೆ ಅಂತ ನನ್ನ ಬೆನ್ನಿಗೆ ಬಾರುಕೋಲು ಬೀಸಿದ. ಎರಡನೇ ಏಟು ಬೀಳುವ ಮೊದಲೇ ಅಣ್ಣ ಬಂದು ಅವನ ಮುಂಗೈ ಹಿಡಿದ. ಹೊಡೆಯಲಿಲ್ಲ, ಬೈಯಲಿಲ್ಲ, ಹಿಡಿದ ಅಷ್ಟೆ. ಅರ್ಕನ್ಸಾ ಸೀಮೆಯಲ್ಲಿ ಆಗ ಕರಿಯನೊಬ್ಬ ಬಿಳಿಯನ ಕೈ ಹಿಡಿದರೆ ಸಂಜೆಯೊಳಗೆ ಅವನನ್ನು ಮರಕ್ಕೆ ನೇತುಹಾಕಲು ಹಗ್ಗ ಹುಡುಕುತ್ತಿದ್ದರು. ಹನ್ನೊಂದು ಜನ ಬಂದೂಕು, ನಾಯಿ ಸಮೇತ ನಮ್ಮ ಗುಡಿಸಲಿಗೆ ಬಂದರು. ಅಷ್ಟರಲ್ಲಿ ಅಣ್ಣ ಇರಲಿಲ್ಲ. ಮಾರನೆಯ ದಿನ ದಡದಲ್ಲಿ ಅವರಿಗೇ ಕೋಟು ಸಿಕ್ಕಿತು. 'ನಮ್ಮ ಕೆಲಸ ಹೊಳೆಯೇ ಮಾಡ್ತು ಬಿಡು' ಅಂತ ಟ್ರಾಸ್ಕ್ ನಕ್ಕನಂತೆ.

ಎಸ್ಟೇಟಿನಿಂದ ನಮ್ಮನ್ನು ಎಬ್ಬಿಸಿದರು. ಅವ್ವ, ನಾನು ಇಬ್ಬರೂ ಊರೊಳಗಿನ ನಮ್ಮವರ ಕೇರಿಗೆ ಬಂದೆವು. ನಮ್ಮವ್ವ ಲುವೀನಿಯಾ ಪಿಕೆಟ್‌ಗೆ, ಹೊಸದಾಗಿ ಕಟ್ಟಿದ ಅಂಚೆ ಕಚೇರಿಯಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು. ಅವಳ ಮಂಡಿ ಹಿಡಿದುಕೊಂಡಾಗೆಲ್ಲ ನಾನೂ ಜೊತೆಗೆ ಹೋಗುತ್ತಿದ್ದೆ.

ಸಾವಿರದ ಒಂಬೈನೂರ ನಲವತ್ತನೇ ಇಸವಿಯ ಅಕ್ಟೋಬರ್ ಅದು. ವಾಷಿಂಗ್ಟನ್‌ನ ಸರ್ಕಾರ ದೇಶದ ಅಂಚೆ ಕಚೇರಿಗಳ ಗೋಡೆಗೆಲ್ಲ ಚಿತ್ರ ಬರೆಸುತ್ತಿದ್ದ ಕಾಲ. ನಮ್ಮೂರಿಗೆ ಗೊತ್ತುಮಾಡಿದ್ದು ಶಿಕಾಗೋದ ಥೋರಾ ಲಿಂಡ್‌ಕ್ವಿಸ್ಟ್ ಅನ್ನುವ ಹೆಂಗಸನ್ನು. ಬಡಕಲು, ಎತ್ತರದ ಆಳು, ಗಂಡಸರ ಹಾಗೆ ಪ್ಯಾಂಟು ಹಾಕುತ್ತಿದ್ದಳು. ಹಿಂದಿನ ವರ್ಷ ಒಂದು ವಾರವಿದ್ದು ನಮ್ಮ ದೋಣಿಗಟ್ಟೆ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನು, ತಕ್ಕಡಿ ಎಲ್ಲ ಬರೆದುಕೊಂಡು ಹೋಗಿದ್ದಳು. ಚಿತ್ರ ಬರೆದದ್ದು ಶಿಕಾಗೋದಲ್ಲೇ, ದೊಡ್ಡ ಕ್ಯಾನ್ವಾಸ್ ಬಟ್ಟೆಯ ಮೇಲೆ. ಅದನ್ನು ಜಮಖಾನೆಯ ಹಾಗೆ ಸುತ್ತಿ ರೈಲಲ್ಲಿ ತಂದು, ಭಾನುವಾರ ಕಚೇರಿ ರಜೆಯಿದ್ದಾಗ, ಪೋಸ್ಟ್ ಮಾಸ್ಟರ್ ಕೋಣೆಯ ಬಾಗಿಲ ಮೇಲಿನ ಗೋಡೆಗೆ ಅಂಟಿಸಿದ್ದಳು.

'ಚಿತ್ರ ಯಾಕ್ ಬೇಕಿತ್ತಂತೆ ಇವ್ರಿಗೆ? ನಮ್ಮೋರ್ ನಿಂತ್ಕೊಂಡ್ ಟಪಾಲ್ ತಗೊಳೋಕೆ ಒಂದ್ ಕಿಟಕಿ ಕೊಟ್ಟಿದ್ರೆ ಸಾಕಾಗಿತ್ತು' ಅಂತ ಅವ್ವ ಸೋಮವಾರ ಬೆಳಿಗ್ಗೆ ದಾರಿಯುದ್ದಕ್ಕೂ ಗೊಣಗಿದಳು. ಆಗಿನ್ನೂ ಆರು ಗಂಟೆ. ನಾನು ಬಕೆಟ್ಟಿಗೆ ನೀರು ತುಂಬಿ, ಕೊಳೆ ತೆಗೆಯುವ ಕಾಸ್ಟಿಕ್ ಸೋಡಾ ಹಾಕಿದೆ. ಅವ್ವ ಕಿಟಕಿಯ ಪರದೆ ಮೇಲೆತ್ತಿದಳು. ಬೆಳಕು ಸೀದಾ ಗೋಡೆಗೆ ಬಿತ್ತು.

ನಾನು ತಲೆಯೆತ್ತಿ ನೋಡಿದೆ. ತಕ್ಕಡಿ ಪಕ್ಕದಲ್ಲಿ, ಹೆಗಲ ಮೇಲೆ ಹತ್ತಿ ಮೂಟೆ ಹೊತ್ತು, ಹೋಸಿಯಾ ನಿಂತಿದ್ದ.

ಅವನ ಹಾಗಿದ್ದ ಯಾರೋ ಅಲ್ಲ, ಅವನೇ. ಸೀಳಿದ ಎಡ ಹುಬ್ಬು, ಮುಂದಿನ ಹಲ್ಲಿನ ಸಂದು, ನಗು ತಡೆದುಕೊಂಡಾಗ ಒಂದು ಕಡೆಗೆ ವಾಲುವ ಬಾಯಿ ಎಲ್ಲ ಹಾಗೇ ಇತ್ತು. ಮಿಕ್ಕವರೆಲ್ಲ ತಕ್ಕಡಿ ನೋಡುತ್ತಿದ್ದರೆ ಅವನೊಬ್ಬ ನೇರ ಕೆಳಕ್ಕೆ, ನಮ್ಮನ್ನೇ ನೋಡುತ್ತಿದ್ದ. ನನ್ನ ಕೈಯಿಂದ ಬಕೆಟ್ಟು ಜಾರಿತು. ಕಾಲಿನ ಮೇಲೆ ಚೆಲ್ಲಿದ ನೀರು ಚುರುಚುರು ಉರಿಯುತ್ತಿದ್ದರೂ ಅಲುಗಾಡಲಿಲ್ಲ. ಸತ್ತವರು ಹೀಗೂ ಬರುತ್ತಾರಾ? 'ಅಣ್ಣಾ...' ಅಂತ ಕಿರುಚಲು ಬಾಯಿ ತೆರೆದೆ. ಅವ್ವ ಹಿಂದಿನಿಂದ ಬಂದು ಬಾಯಿ ಮುಚ್ಚಿದಳು.

'ಉಸಿರೆತ್ತಬೇಡ' ಅಂದಳು.

'ಅವ್ವಾ, ಅಣ್ಣ... ಸತ್ತೋಗಿದಾನಲ್ಲ!'

'ಸತ್ತಿಲ್ಲ ಕಣೇ. ಸತ್ತಿಲ್ಲ ಅಂತ ನಂಗೂ ಈಗ್ಲೇ ಗೊತ್ತಾಗಿದ್ದು.' ಅವಳು ಗೋಡೆಯಿಂದ ಕಣ್ಣು ಕೀಳಲಿಲ್ಲ. 'ಆ ಕೋಟು ದಡದಲ್ಲಿ ಇಟ್ಟೋಳು ನಾನೇ. ಬೂಟನ್ನ ಕೆಸರಿಗೆ ಒತ್ತಿದೋಳೂ ನಾನೇ. ಅವ್ನು ಜೊಂಡಿನ ಒಳಗಿಂದ ಬಡಗಲಿಗೆ ಓಡ್ದ. ಬದ್ಕಿದ್ನೋ ಇಲ್ವೋ, ನಾಲ್ಕ್ ವರ್ಷದಿಂದ ಒಂದ್ ಮಾತಿಲ್ಲ.'

ನಾನು ನೆಲದ ಮೇಲೆ ಕೂತುಬಿಟ್ಟೆ. ಯಾವುದಕ್ಕೆ ಬೆಚ್ಚಬೇಕೋ ತಿಳಿಯಲಿಲ್ಲ. ಗೋಡೆ ಮೇಲಿನ ಅಣ್ಣನಿಗೋ, ಪಕ್ಕದಲ್ಲಿ ನಿಂತ ಅವ್ವನಿಗೋ? ಅವ್ವ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

'ಎಂಟಕ್ಕೆ ಬಾಗ್ಲು ತೆಗೀತಾರೆ. ಮೊದ್ಲು ಒಳಗ್ ಬರೋನು ಯಾರು?'

ಎಸ್ಟೇಟಿನ ಟಪಾಲು ತಗೊಳ್ಳಲು ದಿನಾ ಎಂಟಕ್ಕೆ ಸರಿಯಾಗಿ ಬರುವವನು ಟ್ರಾಸ್ಕ್.

ಚಿತ್ರಗಾರ್ತಿ ಬಿಟ್ಟುಹೋಗಿದ್ದ ಮರದ ಅಟ್ಟಣಿಗೆ ಅಲ್ಲೇ ಇತ್ತು. ಮಂಡಿ ಮಡಿಸಲಾರದ ನನ್ನವ್ವ ಒಂದೊಂದೇ ಮೆಟ್ಟಿಲು ಹತ್ತಿದಳು. ಬಕೆಟ್ಟಿನ ತಳದಲ್ಲಿ ಉಳಿದಿದ್ದ ಕಾಸ್ಟಿಕ್ ನೀರು, ಗಟ್ಟಿ ಕೂದಲಿನ ಬ್ರಷ್ಷು ನಾನೇ ಮೇಲೆ ಕೊಟ್ಟೆ. ಅವಳು ತಕ್ಷಣ ಉಜ್ಜಲಿಲ್ಲ. ಅಂಗೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಅವನ ಕೆನ್ನೆಯ ಮೇಲಿಟ್ಟಳು. ಹಣೆ ಮುಟ್ಟಿದಳು. 'ಸೊರಗ್ಹೋಗಿದೀಯಲ್ಲೋ' ಅಂದದ್ದು ನನಗೆ ಕೇಳಿಸಿತು. ಆಮೇಲೆ ಬ್ರಷ್ಷು ಅದ್ದಿ ಉಜ್ಜತೊಡಗಿದಳು. ಕಂದು ಬಣ್ಣ ಕರಗಿ ಅವಳ ಮೊಣಕೈವರೆಗೆ ಇಳಿಯಿತು. ಮೊದಲು ಬಾಯಿ ಹೋಯಿತು. ಆಮೇಲೆ ಹುಬ್ಬು. ಕಣ್ಣನ್ನು ಕೊನೆಗೆ ಉಳಿಸಿಕೊಂಡಿದ್ದಳು.

ಕಣ್ಣೂ ಹೋದ ಹೊತ್ತಿಗೆ ಹಿಂದಿನ ಬಾಗಿಲು ತೆರೆಯಿತು. ಥೋರಾ ಲಿಂಡ್‌ಕ್ವಿಸ್ಟ್ ಒಳಗೆ ಬಂದಳು. ಮೇಲೆ ನೋಡಿದವಳ ಮುಖ ಸುಣ್ಣವಾಯಿತು.

'ಅಯ್ಯೋ ದೇವರೇ! ಏನ್ ಮಾಡ್ತಿದೀರ ನೀವು? ಎಂಟು ತಿಂಗಳ ಕೆಲಸ! ಇಳೀರಿ ಕೆಳಗೆ! ಯಾರ್ ಹೇಳಿದ್ರು ನಿಮಗೆ ಇದನ್ನ ಮಾಡೋಕೆ?'

ಅವ್ವ ಅಟ್ಟಣಿಗೆಯ ಮೇಲಿಂದಲೇ ಕೇಳಿದಳು: 'ಮಿಸ್, ಈ ಹುಡುಗ ನಿಮಗೆಲ್ಲಿ ಸಿಕ್ಕಿದ?'

'ಶಿಕಾಗೋದಲ್ಲಿ. ಅದಕ್ಕೂ ನೀವು ಇದನ್ನ ಹಾಳುಮಾಡೋದಕ್ಕೂ ಏನ್ ಸಂಬಂಧ?'

'ಉಸಿರಾಡ್ತಿದ್ನಾ?'

ಚಿತ್ರಗಾರ್ತಿ ತಲೆಯೆತ್ತಿ ಅವ್ವನ ಮುಖ ನೋಡಿದಳು. ಅವ್ವನ ಮುಂದಿನ ಹಲ್ಲಿನ ನಡುವೆಯೂ ಅಂಥದೇ ಸಂದು. ಚಿತ್ರಗಾರ್ತಿಯ ಕೈಚೀಲ ನೆಲಕ್ಕೆ ಬಿತ್ತು.

'ನೀವು ಅವನ ತಾಯಿ' ಅಂದಳು.

'ಹೌದು ಮಿಸ್. ಅವ್ನ ಸಮಾಧಿ ಚರ್ಚಿನ ಹಿಂದೈತೆ. ಅವ್ನು ಬದ್ಕಿದಾನೆ ಅಂತ ಗೊತ್ತಾದ್ರೆ ಅದ್ರೊಳಕ್ಕೆ ಅವ್ನನ್ನ ಹಾಕೋರು ಎಂಟು ಗಂಟೆಗೆ ಬರ್ತಾರೆ.'

ಚಿತ್ರಗಾರ್ತಿ ಗೋಡೆಗೆ ಒರಗಿಕೊಂಡಳು. ಮಾತು ತುಂಡು ತುಂಡಾಗಿ ಬಂತು. ಟಾಲಿವರ್ ಕಡೆಯವರು ಯಾರಾದರೂ ರೂಪದರ್ಶಿಯಾಗಿ ನಿಲ್ಲುತ್ತೀರಾ ಅಂತ ಶಿಕಾಗೋದ ಕರಿಯರ ಚರ್ಚೊಂದರಲ್ಲಿ ಕೇಳಿದ್ದಳಂತೆ. ಇವನು ಬಂದನಂತೆ. ಹೆಸರು ಸೈಲಸ್ ಅಂದನಂತೆ. 'ಆ ಗೋಡೆ ಕೆಳಗೆ ಕಸ ಗುಡಿಸೋರು ಯಾರು ಅಂತ ಕೇಳ್ದ. ಒಬ್ಬ ವಯಸ್ಸಾದ ಹೆಂಗಸು, ಮಂಡಿ ನೋವಿನೋರು ಅಂದೆ. ಮೂರು ವಾರ ನಿಂತ. ಕಾಸು ತಗೊಳ್ಲಿಲ್ಲ. ಮುಖ ಮಾತ್ರ ಸರಿಯಾಗ್ ಬರೀರಿ ಮಿಸ್ ಅಂದ. ಊರಿನ ಮೇಲೆ ಪ್ರೀತಿ ಅಂತ ಅನ್ಕೊಂಡೆ ನಾನು. ನಂಗೇನೂ ಗೊತ್ತಿರಲಿಲ್ಲ ಮಿಸೆಸ್ ಪಿಕೆಟ್, ಏನೇನೂ ಗೊತ್ತಿರಲಿಲ್ಲ.'

ಬಿಳಿಯರ ಬಾಯಲ್ಲಿ ಅವ್ವನನ್ನು ಮಿಸೆಸ್ ಪಿಕೆಟ್ ಅಂದದ್ದು ನಾನು ಕೇಳಿದ್ದು ಅದೇ ಮೊದಲು.

'ಕಾಗದ ಬರೆಯೋ ಹಂಗಿರ್ಲಿಲ್ಲ ಅವ್ನಿಗೆ' ಅಂದಳು ಅವ್ವ. 'ಶಿಕಾಗೋ ಮುದ್ರೆ ಬಿದ್ದ ಕಾಗದ ನಂಗೆ ಬಂದ್ರೆ ಊರೆಲ್ಲ ಕೇಳುತ್ತೆ. ಅದಕ್ಕೇ ಮುಖಾನೇ ಕಳಿಸ್ದ, ಮುಠ್ಠಾಳ.'

ಪೋಸ್ಟ್ ಮಾಸ್ಟರ್ ಗ್ಯಾರಟ್ ಬಂದದ್ದು ಆಗ. ಲಿಟ್ಲ್ ರಾಕ್‌ನಿಂದ ಬಂದು ಎರಡೇ ವರ್ಷವಾಗಿದ್ದರಿಂದ ಅಣ್ಣನನ್ನು ಕಂಡವನಲ್ಲ. ಗೋಡೆ ನೋಡಿ ಕೂಗಾಡಿದ. 'ಲುವೀನಿಯಾ! ಸರ್ಕಾರದ ಆಸ್ತಿ ಕಣೇ ಅದು! ಶೆರೀಫನ್ನ ಕರೆಸ್ತೀನಿ ಈಗ!'

'ನಾನೇ ಹೇಳಿದ್ದು ಸಾರ್' ಅಂದಳು ಚಿತ್ರಗಾರ್ತಿ. ಸ್ವರ ಸ್ವಲ್ಪವೂ ಅಳುಕಲಿಲ್ಲ. 'ಅಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಒರೆಸಿ ಅಂದೆ. ಮತ್ತೆ ಬರೀತೀನಿ.'

ಎಂಟು ಹೊಡೆಯಿತು. ಟ್ರಾಸ್ಕ್ ಒಳಗೆ ಬಂದ. ಟೋಪಿ ಹಿಂದಕ್ಕೆ ಸರಿಸಿ ಮೇಲೆ ನೋಡಿದ.

'ಏನ್ರೀ ಗ್ಯಾರಟ್, ವಾಷಿಂಗ್ಟನ್‌ನೋರು ತಲೆ ಕಳಿಸೋದ್ ಮರೆತ್ರಾ? ಅಥವಾ ನಿಗ್ರೋಗೆ ತಲೆ ಯಾಕೆ, ಬೆನ್ನು ಸಾಕು ಅಂತನಾ?'

ಗ್ಯಾರಟ್ ನಕ್ಕ. ನಾನು ನೆಲ ಒರೆಸುತ್ತಿದ್ದೆ. ನಗು ನಿಂತಿತು. ಟ್ರಾಸ್ಕ್ ಇನ್ನೂ ಮೇಲೇ ನೋಡುತ್ತಿದ್ದ. ನಾನೂ ಓರೆಗಣ್ಣಲ್ಲಿ ನೋಡಿದೆ.

ಕೈ! ಮೂಟೆ ಹಿಡಿದ ಎಡಗೈ. ಅಣ್ಣನಿಗೆ ಹದಿಮೂರಾಗಿದ್ದಾಗ ಹತ್ತಿ ಜಿನ್ನಿನ ಹಲ್ಲು ಎರಡು ಬೆರಳು ತಿಂದಿತ್ತು. ಚಿತ್ರದಲ್ಲಿ ಆ ಕೈ ಇದ್ದ ಹಾಗೇ ಇತ್ತು. ಮುಖ ಅಳಿಸುವ ಭರದಲ್ಲಿ ಅವ್ವನಿಗೂ ನೆನಪಾಗಲಿಲ್ಲ, ನನಗೂ ನೆನಪಾಗಲಿಲ್ಲ.

'ಮೂರೇ ಬೆರಳು' ಅಂದ ಟ್ರಾಸ್ಕ್, ಮೆಲ್ಲಗೆ. 'ಇಂಥ ಕೈಯವನೊಬ್ಬ ನನ್ ಹತ್ರ ಇದ್ದ.'

'ಒಬ್ಬನೇನಾ?' ಅಂದಳು ಚಿತ್ರಗಾರ್ತಿ. 'ಹೋದ ವರ್ಷ ನಿಮ್ಮ ಜಿನ್ನಿನ ಹತ್ರ ಕೂತು ಬರೆದೆ. ಬೆರಳು ಹೋದೋರು ಐದು ಜನ ಇದ್ರು. ನಿಜ ಇದ್ದಂಗೆ ಬರೆಯೋಣ ಅಂತ ಬರೆದೆ. ನಿಮಗೆ ಬೇಜಾರಾದ್ರೆ ಹೇಳಿ, ಬೆರಳು ಸೇರಿಸ್ತೀನಿ.'

ಟ್ರಾಸ್ಕ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. 'ಸೇರ್ಸಿ. ನೋಡಿದೋರು ಏನಂದ್ಕೋತಾರೆ' ಅಂತ ಟಪಾಲು ತಗೊಂಡು ಹೋದ. ಬಾಗಿಲ ಹತ್ತಿರ ಒಂದು ಸಲ ಹಿಂತಿರುಗಿ ಗೋಡೆಯನ್ನಲ್ಲ, ಅವ್ವನನ್ನು ನೋಡಿದ.

ಮಧ್ಯಾಹ್ನದೊಳಗೆ ಚಿತ್ರಗಾರ್ತಿ ಐದು ಬೆರಳು ಬರೆದು, ಯಾರದೂ ಅಲ್ಲದ ಒಂದು ಮುಖ ಇಟ್ಟಳು. ಅಣ್ಣನ ವಿಳಾಸವನ್ನು ಚೀಟಿಯಲ್ಲಿ ಬರೆಯಲಿಲ್ಲ. ಅವ್ವನ ಕಿವಿಯಲ್ಲಿ ಮೂರು ಸಲ ಹೇಳಿ, ಮೂರು ಸಲ ಹೇಳಿಸಿದಳು.

ಮಾರನೆಯ ಸಂಜೆ ನಾವು ಮೆಕ್ಕೆಜೋಳದ ರೊಟ್ಟಿಗೆ ಕಾಕಂಬಿ ಹಚ್ಚಿಕೊಂಡು ತಿನ್ನುತ್ತಿದ್ದಾಗ ಮನೆ ಮುಂದೆ ಟ್ರಾಸ್ಕನ ಗಾಡಿ ನಿಂತಿತು. ಅವನು ಇಳಿಯಲಿಲ್ಲ.

'ಲುವೀನಿಯಾ, ನಿನ್ ಮಗಂಗೆ ಯಾವ ಕೈಲಿ ಬೆರಳಿರ್ಲಿಲ್ಲ?'

'ಬಲಗೈ ಸಾಹೇಬ್ರೇ' ಅಂದಳು ಅವ್ವ, ರೊಟ್ಟಿ ಅಗಿಯುತ್ತಲೇ.

'ಹಂಗಾ? ಆ ಪೆಟ್ಟಿಗೇಲಿ ಏನಿಟ್ಟು ಹೂತ್ರಿ?'

'ಕೋಟು ಸಾಹೇಬ್ರೇ. ನೀವೇ ತಂದ್ಕೊಟ್ರಲ್ಲ.'

ಅವನು ಗಾಡಿ ತಿರುಗಿಸಿದ. ಸಮಾಧಿಯಿದ್ದ ಚರ್ಚಿನ ದಾರಿ ಹಿಡಿದದ್ದನ್ನು ನಾವು ನೋಡಿದೆವು.

ಗುರುವಾರ ಬೆಳಿಗ್ಗೆ, ಮೆಂಫಿಸ್‌ನಲ್ಲಿ ಚಿಕ್ಕಮ್ಮನಿಗೆ ಕಾಯಿಲೆ ಅಂತ ಹೇಳಿ ಒಂದೇ ಗಂಟು ಹಿಡಿದು ರೈಲು ಹತ್ತಿದೆವು. ಒಲೆ ಮೇಲೆ ಪಾತ್ರೆ ಹಾಗೇ ಬಿಟ್ಟೆವು, ನೋಡಿದವರಿಗೆ ವಾಪಸು ಬರುತ್ತಾರೆ ಅನ್ನಿಸಲಿ ಅಂತ. ಮೆಂಫಿಸ್ ದಾಟಿ ರೈಲು ಶಿಕಾಗೋ ಕಡೆ ಹೊರಟಿತು. ಆಮೇಲೆ ನನಗೆ ತಡೆಯಲಾಗಲಿಲ್ಲ.

'ನಂಗ್ಯಾಕ್ ಹೇಳ್ಲಿಲ್ಲ ಅವ್ವಾ? ನನ್ನಿಂದ ಸತ್ತ ಅಂತ ನಾಲ್ಕ್ ವರ್ಷ... ಹೊಳೆಗೆ ಬೀಳೋಕೆ ಹೋಗಿದ್ದೆ ನಾನು. ಗೊತ್ತಾ ನಿಂಗೆ?'

ಅವ್ವ ಕಿಟಕಿ ಕಡೆ ನೋಡುತ್ತಿದ್ದಳು. 'ಗೊತ್ತು. ಹಿಂದೇನೇ ಬಂದಿದ್ದೆ.'

'ಮತ್ತೆ?'

'ನಾನು ಅತ್ರೆ ಯಾರ್ ನಂಬ್ತಾರೆ? ಕೋಟು ಹೂತ ದಿನ ಟ್ರಾಸ್ಕ್ ನನ್ ಮುಖ ನೋಡ್ಲೇ ಇಲ್ಲ. ಗುಂಡಿ ಪಕ್ಕ ನೀನು ಬಿದ್ ಬಿದ್ ಅಳ್ತಿದ್ದೆಯಲ್ಲ, ಅದನ್ನ ನೋಡ್ಕೊಂಡ್ ನಿಂತಿದ್ದ. ಆಮೇಲೆ ನಾಯಿಗಳನ್ನ ಕರ್ಕೊಂಡ್ ಹೋದ. ನೀನ್ ಅತ್ತಿದ್ದಕ್ಕೇ ಕಣೇ ನಿಮ್ಮಣ್ಣ ಬದುಕಿದ್ದು.'

ಗೋಡೆ ಮೇಲೆ ಅಣ್ಣನನ್ನು ಕಂಡಾಗಲೂ ನನಗೆ ಅಂಥ ಏಟು ಬಿದ್ದಿರಲಿಲ್ಲ. ಎದ್ದು ಹೋಗಿ ಬೋಗಿಯ ಇನ್ನೊಂದು ತುದಿಯಲ್ಲಿ ಕೂತೆ. ಅವ್ವ ಕರೆಯಲಿಲ್ಲ.

ಶಿಕಾಗೋ ನಿಲ್ದಾಣದಿಂದ ನಡೆದು, ಕೇಳುತ್ತಾ ಕೇಳುತ್ತಾ, ಕಸಾಯಿ ಕಾರ್ಖಾನೆಗಳ ಹಿಂದಿನ ಬೀದಿಯ ಮೂರನೇ ಮಹಡಿಗೆ ಹತ್ತಿದೆವು. ಬಾಗಿಲು ತಟ್ಟಿದವಳು ನಾನು. ತೆರೆದವನು ಅಣ್ಣ. ಅವನ ಬಾಯಿ ಒಂದು ಕಡೆಗೆ ವಾಲಿತು. ಅವನು ಮಾತಾಡುವ ಮೊದಲೇ ಎರಡೂ ಕೈಯಿಂದ ಅವನ ಎದೆಗೆ ಗುದ್ದಿದೆ, ಕೆನ್ನೆಗೆ ಹೊಡೆದೆ, ಕೈ ಸೋಲುವವರೆಗೆ ಹೊಡೆದೆ. ಅವನು ತಡೆಯಲಿಲ್ಲ. ಅವ್ವ ನನ್ನ ಹಿಂದೆ ಮೆಟ್ಟಿಲ ಮೇಲೆ ನಿಂತಿದ್ದಳು, ಗಂಟು ಕೆಳಗಿಳಿಸದೆ.

ಅಣ್ಣನನ್ನು ಅವತ್ತು ಸಂಜೆಯೇ ಕ್ಷಮಿಸಿದೆ. ಅವ್ವನ ಜೊತೆ ಸರಿಯಾಗಿ ಮಾತಾಡಲು ಎರಡು ವರ್ಷ ಹಿಡಿಯಿತು. ಅವಳು ಮಾಡಿದ್ದು ಸರಿ, ಬೇರೆ ದಾರಿ ಇರಲಿಲ್ಲ, ನನಗೆ ಗೊತ್ತು. ಅವಳು ಹೋಗಿ ಈಗ ಇಪ್ಪತ್ತು ವರ್ಷ. ಅವಳನ್ನು ಪೂರ್ತಿ ಕ್ಷಮಿಸಿದ್ದೀನಾ ಅಂತ ಕೇಳಿದರೆ ಮಾತ್ರ ಇವತ್ತಿಗೂ ಉತ್ತರ ಗೊತ್ತಿಲ್ಲ.