ಕಂಡಕ್ಟರ್ ಶಶಿರೇಖಾಳ ಹೊಟ್ಟೆಯ ಸಮಾಚಾರ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಶಶಿರೇಖಾಗೆ ಪ್ರಯಾಣಿಕರೇ ಎದ್ದು ಸೀಟು ಬಿಡುತ್ತಿದ್ದರು. ಅವಳಿಗೆ ನಲವತ್ತೊಂದು ವರ್ಷ. ಅವಳಿ ಗಂಡುಮಕ್ಕಳು ಪಿಯುಸಿ ಓದುತ್ತಿದ್ದರು. ಆ ಇಬ್ಬರೂ ಹೊರಗೆ ಬಂದು ಹದಿನೇಳು ವರ್ಷವಾಗಿತ್ತು. ಹೊಟ್ಟೆಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಕೈಕಾಲು ಸಣ್ಣ, ಮುಖ ಸಣ್ಣ, ನಡುವೆ ಖಾಕಿ ಅಂಗಿಯ ಗುಂಡಿ ಜಗ್ಗುವ ಏಳು ತಿಂಗಳ ಗುಡ್ಡ.

ಅವಳು ಸುಮ್ಮನೆ ಕೂತವಳಲ್ಲ. ಎರಡು ವರ್ಷ ಕೆರೆ ಏರಿಯ ಮೇಲೆ ನಡೆದಳು. ಅನ್ನ ಬಿಟ್ಟಳು, ಹುರುಳಿ ಕಟ್ಟು ಕುಡಿದಳು. ಕೆನ್ನೆ ಒಳಗೆ ಹೋಯಿತು, ಬಳೆ ಸಡಿಲವಾಯಿತು. ಹೊಟ್ಟೆ ಕದಲಲಿಲ್ಲ.

ಬಳ್ಳಿಗಾವಿಯ ಗುತ್ಯಮ್ಮ ಎಂಬ ಮುದುಕಿ ಪ್ರತಿ ಸೋಮವಾರ ಶಿರಾಳಕೊಪ್ಪದಲ್ಲಿ ಹತ್ತಿ ಸೊರಬದ ಮಗಳ ಮನೆಗೆ ಹೋಗುತ್ತಿದ್ದಳು. ಮೊದಲ ದಿನವೇ ಎಷ್ಟು ತಿಂಗಳು ಎಂದು ಕೇಳಿದಳು. ಏನೂ ಇಲ್ಲ ಎಂದು ಶಶಿರೇಖಾ ಹೇಳಿದರೆ, ದೃಷ್ಟಿಯಾಗುತ್ತದೆಂದು ಮುಚ್ಚಿಡುತ್ತಿದ್ದಾಳೆ ಎಂದುಕೊಂಡಳು. ಮುಂದಿನ ವಾರದಿಂದ ಸೆರಗಿನಲ್ಲಿ ಕಟ್ಟಿಕೊಂಡು ನೆಲ್ಲಿಕಾಯಿ ತರತೊಡಗಿದಳು. ನಾಲ್ಕೈದು ಸಲ ಇಲ್ಲವೆಂದು ಹೇಳಿ ಸೋತ ಶಶಿರೇಖಾ ನೆಲ್ಲಿಕಾಯಿ ತಿಂದು ಸುಮ್ಮನಾದಳು. ಲೆಕ್ಕ ಇಟ್ಟಿದ್ದವಳು ಗುತ್ಯಮ್ಮನೇ. ದೀಪಾವಳಿ ಕಳೆದ ಮೇಲೆ ಒಂದು ದಿನ ಆತಂಕದಿಂದಲೇ ಕೇಳಿದಳು: "ಹನ್ನೊಂದ್ ತಿಂಗ್ಳಾತಲ್ಲ ತಂಗೀ, ಇದೇನ್ ಆನೆ ಬಸುರೇನು?"

ಅದೇ ದಿನ ಸೊರಬ ಸಮೀಪಿಸುವಾಗ ಬಸ್ಸು ಹಂಪ್ ಹಾರಿತು. ಯಾರದೋ ಹಾಲಿನ ಕ್ಯಾನು ನೇರ ಶಶಿರೇಖಾಳ ಹೊಕ್ಕುಳಿಗೆ ಬಡಿಯಿತು. ಕಣ್ಣು ಕತ್ತಲೆ ಬಂದು, ಹೊಟ್ಟೆ ಹಿಡಿದುಕೊಂಡು ಅವಳು ಕೆಳಗೆ ಕೂತಳು. ಮಿಕ್ಕಿದ್ದನ್ನೆಲ್ಲ ಗುತ್ಯಮ್ಮ ನೋಡಿಕೊಂಡಳು. ಹೆರಿಗೆ ನೋವು ಬಂದಿದೆ ಎಂದು ಘೋಷಿಸಿದಳು, ಗಂಡಸರನ್ನು ಹಿಂದಿನ ಸೀಟಿಗೆ ಅಟ್ಟಿದಳು, ಬಸ್ಸನ್ನು ಆಸ್ಪತ್ರೆಗೆ ತಿರುಗಿಸುವಂತೆ ಡ್ರೈವರ್ ಉಜ್ಜಪ್ಪನಿಗೆ ಆಜ್ಞೆ ಮಾಡಿದಳು. ಉಜ್ಜಪ್ಪನಿಗೆ ನಿಜ ಗೊತ್ತಿತ್ತು. ಆದರೆ ಐವತ್ತು ಹೆಂಗಸರು ಒಟ್ಟಿಗೆ ಕೂಗಿದಾಗ ತನಗೇ ಅನುಮಾನ ಬಂತು ಎಂದು ಆಮೇಲೆ ಒಪ್ಪಿಕೊಂಡ.

ಆಸ್ಪತ್ರೆಯ ಡ್ಯೂಟಿ ಡಾಕ್ಟರು ಅವಳನ್ನು ಮಲಗಿಸಿ ತಲೆ ಮಾತ್ರ ಎತ್ತಲು ಹೇಳಿದರು. ಹೊಟ್ಟೆಯ ನಡುವೆ ಉದ್ದಕ್ಕೆ ಒಂದು ದಿಣ್ಣೆ ಎದ್ದಿತು. ಬಸುರಿನಲ್ಲಿ ಹೊಟ್ಟೆಯ ಸ್ನಾಯುಗಳು ಎರಡು ಕಡೆಗೆ ಸರಿದು ಮತ್ತೆ ಕೂಡಿಕೊಂಡಿಲ್ಲ, ಹೊಕ್ಕುಳಲ್ಲಿ ಸಣ್ಣ ಹರ್ನಿಯಾ ಕೂಡ ಇದೆ, ಬರೀ ಬೊಜ್ಜಾಗಿದ್ದರೆ ನಡೆದು ಕರಗಿಸಬಹುದಿತ್ತು ಎಂದರು. ಹದಿನೇಳು ವರ್ಷದಲ್ಲಿ ತಪ್ಪು ನಿನ್ನದಲ್ಲ ಎಂದು ಹೇಳಿದ ಮೊದಲ ಮನುಷ್ಯ ಅವರು. ಶಶಿರೇಖಾಗೆ ಅಳು ಬಂತು. ಆದರೆ ಹೊರಗೆ ಇಡೀ ಬಸ್ಸು ಗಂಡೋ ಹೆಣ್ಣೋ ಎಂದು ಕಾಯುತ್ತಿತ್ತು. ಅವಳು ಮುಖ ಒರೆಸಿಕೊಂಡು ಹೋಗಿ, "ಹೆರಿಗೆ ಅಲ್ಲ, ಹರ್ನಿಯಾ. ಹತ್ರಿ ಎಲ್ರೂ" ಎಂದಳು. ಜನ ಮೋಸಹೋದವರಂತೆ ಬಸ್ಸು ಹತ್ತಿದರು.

ಡ್ಯೂಟಿ ಡಾಕ್ಟರು ಹೇಳಿದಂತೆ ಮುಂದಿನ ವಾರ ಗಂಡ ಯೋಗೇಶನ ಜೊತೆ ಶಿವಮೊಗ್ಗಕ್ಕೆ ಹೋಗಿ ಪ್ಲಾಸ್ಟಿಕ್ ಸರ್ಜನ್ ವಾಣಿಶ್ರೀಯವರನ್ನು ಕಂಡಳು. ಯೋಗೇಶನಿಗೆ ಮೊಬೈಲ್ ರಿಪೇರಿ ಅಂಗಡಿ. ಏನನ್ನೇ ಬಿಚ್ಚಿದರೂ ಒಳಗೆ ಏನಿದೆ ಎಂದು ತಿಳಿಯಬೇಕು. ಡಾಕ್ಟರು ನೀಲಿ ಪೆನ್ನಿನಿಂದ ಅವಳ ಹೊಟ್ಟೆಯ ಮೇಲೇ ಗೆರೆ ಎಳೆದು ವಿವರಿಸಿದರು. ಬರೀ ಕೊಬ್ಬು ಹೀರಿ ತೆಗೆಯುವುದುಂಟು, ಆದರೆ ಜೋತ ಚರ್ಮ ಜೋತೇ ಇರುತ್ತದೆ. ಹೊಕ್ಕುಳಿನ ಕೆಳಗಷ್ಟೇ ಸಡಿಲವಾಗಿದ್ದವರಿಗೆ ಚರ್ಮ ಕತ್ತರಿಸಿ ಹೊಟ್ಟೆ ಬಿಗಿ ಮಾಡುವ ಮಿನಿ ಟಮ್ಮಿ ಟಕ್, ಗಾಯವೂ ಚಿಕ್ಕದು. ಸೊಂಟದ ಹಿಂದಿನವರೆಗೂ ಮಡಿಕೆ ಬಿದ್ದಿದ್ದರೆ ಕೊಯ್ತವೂ ಬೆನ್ನಿನ ಕಡೆಗೆ ಹೋಗಬೇಕು. ಐವತ್ತು ಅರವತ್ತು ಕೆಜಿ ಇಳಿಸಿದವರಿಗೆ ಅಡ್ಡ ಒಂದು, ಉದ್ದ ಒಂದು ಕೊಯ್ಯಬೇಕಾಗುತ್ತದೆ. ಶಶಿರೇಖಾಗೆ ಬೇಕಾದದ್ದು ಪೂರ್ತಿ ಟಮ್ಮಿ ಟಕ್: ಕೆಳಹೊಟ್ಟೆಯಲ್ಲಿ ಈ ಸೊಂಟದಿಂದ ಆ ಸೊಂಟದವರೆಗೆ ಕೊಯ್ದು, ಚರ್ಮವನ್ನು ಪಕ್ಕೆಲುಬಿನವರೆಗೆ ಬಿಡಿಸಿ, ಸ್ನಾಯು ಎರಡನ್ನೂ ನಡುವಿಗೆ ಎಳೆದು ಹೊಲಿದು, ಹರ್ನಿಯಾ ಮುಚ್ಚಿ, ಚರ್ಮ ಕೆಳಗೆಳೆದು ಹೆಚ್ಚಾದದ್ದನ್ನು ಕತ್ತರಿಸುವುದು.

ಯೋಗೇಶ ಬಹಳ ಯೋಚಿಸಿ ಕೇಳಿದ: "ಅಲ್ರೀ ಡಾಕ್ಟ್ರೇ, ಚರ್ಮ ಕೆಳಗೆ ಎಳದ್ರೆ ಹೊಕ್ಕಳ ಎಲ್ಲಿಗ್ ಹೋಗಿ ನಿಲ್ತದೆ?"

"ಅದು ಇದ್ದಲ್ಲೇ ಇರುತ್ತೆ. ಸುತ್ತ ಕೊಯ್ದು ಬಿಡಿಸಿಟ್ಟಿರ್ತೀವಿ. ಆಮೇಲೆ ಅದರ ನೇರಕ್ಕೆ ಚರ್ಮದಲ್ಲಿ ಹೊಸ ತೂತು ಮಾಡಿ, ಹೊರಗೆ ತೆಗೆದು ಹೊಲೀತೀವಿ."

ಯೋಗೇಶ ನೀರು ಕೇಳಿದ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಒಳಗೆ ನೀರು ತುಂಬಬಹುದು, ಗಾಯ ನಿಧಾನವಾಗಿ ಮಾಯಬಹುದು, ಅಪರೂಪಕ್ಕೆ ಹೊಕ್ಕುಳಿಗೆ ರಕ್ತ ಹರಿಯದೆ ಅದೇ ಹೋಗಬಹುದು ಎಂದು ಡಾಕ್ಟರು ಮುಂದುವರಿಸಿದಾಗ ಅವನು ಕಾರಿಡಾರಿಗೆ ಹೋಗಿ ನಿಂತ.

ವಾಪಸು ಬರುವಾಗ ದಾರಿಯುದ್ದಕ್ಕೂ ಅವನದು ಒಂದೇ ಮಾತು: ಹರ್ನಿಯಾ ಒಂದನ್ನೇ ಮಾಡಿಸಿದರೆ ಸಾಲದೆ, ಈ ವಯಸ್ಸಿನಲ್ಲಿ ಹೊಟ್ಟೆಯನ್ನು ಯಾರು ನೋಡುತ್ತಾರೆ?

"ನಾನು ನೋಡ್ತೀನಿ," ಎಂದಳು ಶಶಿರೇಖಾ.

ಸಂಕ್ರಾಂತಿ ಕಳೆದು ಆಪರೇಷನ್ ಆಯಿತು. ಎಚ್ಚರವಾದಾಗ ತನ್ನ ಮೇಲೆ ಟ್ರ್ಯಾಕ್ಟರ್ ಹೋದಂತಿತ್ತು. ಹೊಟ್ಟೆಯ ಪಕ್ಕದಿಂದ ಎರಡು ಕೊಳವೆ, ಅವುಗಳ ತುದಿಗೆ ಕೆಂಪು ನೀರಿನ ಡಬ್ಬಿಗಳು, ಸುತ್ತ ಬಿಗಿ ಬೆಲ್ಟು. ಹೊಲಿಗೆ ಜಗ್ಗುತ್ತದೆಂದು ಎರಡು ವಾರ ಬೆನ್ನು ಬಗ್ಗಿಸಿಕೊಂಡೇ ನಡೆದಳು. ಕೆಮ್ಮಿದರೆ ಜೀವ ಹೋಗುತ್ತಿತ್ತು, ನಕ್ಕರೆ ಇನ್ನೂ ಕಷ್ಟ. ಮಕ್ಕಳಿಬ್ಬರೂ ಬೇಕೆಂದೇ ಗುತ್ಯಮ್ಮನ ಹಾಗೆ ಮಾತಾಡುತ್ತಿದ್ದರು. ಅವಳು ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಬೈಯುತ್ತಿದ್ದಳು. ಮೂರನೇ ವಾರ ಕಾಲು ಊದಿದಂತಾಗಿ, ಹೆಪ್ಪೇ ಇರಬೇಕೆಂದು ಶಿವಮೊಗ್ಗಕ್ಕೆ ಓಡಿದರು. ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಅವತ್ತು ಮಾತ್ರ ಅವಳಿಗೆ ಇದೆಲ್ಲ ಯಾಕೆ ಬೇಕಿತ್ತು ಅನ್ನಿಸಿತು.

ಎರಡೂವರೆ ತಿಂಗಳ ಮೇಲೆ ಡ್ಯೂಟಿಗೆ ಹಾಜರಾದಳು. ರಜೆಯ ಅರ್ಜಿಯಲ್ಲಿ ಹರ್ನಿಯಾ ಎಂದಿತ್ತು. ನೆಂಟರಿಗೂ ಅದನ್ನೇ ಹೇಳಿದ್ದಳು. ಹರ್ನಿಯಾ ಗೌರವಸ್ಥ ಕಾಯಿಲೆ, ಅದರ ಬಗ್ಗೆ ಯಾರೂ ಹೆಚ್ಚು ಕೇಳುವುದಿಲ್ಲ. ಆದರೆ ಕಿರಿಯ ಕಂಡಕ್ಟರ್ ನಯನ, ಎರಡು ಸಿಸೇರಿಯನ್ ಆದವಳು, ಡಿಪೋದ ಹೆಂಗಸರ ಕೋಣೆಯ ಬಾಗಿಲು ಹಾಕಿ, ಒಂದು ಸಲ ತೋರಿಸು ಎಂದಳು.

ಶಶಿರೇಖಾ ಗುಂಡಿ ಬಿಚ್ಚಿ ಅಂಗಿ ಸರಿಸಿದಳು. ಸೊಂಟದಿಂದ ಸೊಂಟಕ್ಕೆ ಕೆನ್ನೀಲಿ ಗೆರೆ. ಹೊಕ್ಕುಳು ಕೂದಲೆಳೆಯಷ್ಟು ಎಡಕ್ಕೆ. ಅದರ ಕೆಳಗೆ ಮುಟ್ಟಿದರೂ ಇನ್ನೂ ಗೊತ್ತಾಗುತ್ತಿರಲಿಲ್ಲ. ನಯನ ಬಹಳ ಹೊತ್ತು ನೋಡಿದಳು. ಇಷ್ಟುದ್ದ ಗಾಯ ಹರ್ನಿಯಾದ್ದೇನಾ ಅಕ್ಕ ಎಂದು ಮೆಲ್ಲಗೆ ಕೇಳಿದಳು.

ಹೌದು ಎಂದುಬಿಡಬಹುದಿತ್ತು. ಶಶಿರೇಖಾ ಗುಂಡಿ ಹಾಕಿಕೊಳ್ಳುತ್ತ, ಇನ್ನೂ ಮಕ್ಕಳು ಬೇಕಿದ್ದರೆ ಈ ಟಮ್ಮಿ ಟಕ್ ಈಗ ಬೇಡ, ಮೊದಲು ಸ್ನಾಯು ಸರಿದಿದೆಯೋ ಬರೀ ಬೊಜ್ಜೋ ತೋರಿಸಿಕೋ, ನಿನಗೆ ಚಿಕ್ಕದೇ ಸಾಕಾದೀತು, ಏನೂ ಬೇಡದೆಯೂ ಇರಬಹುದು ಎಂದೆಲ್ಲ ಹೇಳಿದಳು. ಟಿಕೆಟ್ ಮೆಷಿನ್ ಕೊರಳಿಗೆ ಹಾಕಿಕೊಂಡು ಬಾಗಿಲ ಚಿಲಕ ತೆಗೆದಳು.

"ಹರ್ನಿಯಾ ಇತ್ತು, ಸುಳ್ಳಲ್ಲ," ಎಂದಳು. "ಇಲ್ದಿದ್ರೂ ಮಾಡಿಸ್ಕೋತಿದ್ದೆ ಕಣೇ."