ತೊಟ್ಟಿಲಲ್ಲಿ ಏಲಕ್ಕಿ

ನನ್ನ ದೊಡ್ಡಪ್ಪ ಬಚ್ಚಪ್ಪನವರ ಮಗಳು ರಮಾದೇವಿಗೆ ಚಿಕ್ಕಂದಿನಿಂದಲೂ ಮಾತು ತಡವರಿಸುತ್ತದೆ. ಹಸುವನ್ನು ಗದರುವಾಗ, ಹಾಡು ಗುನುಗುವಾಗ ಏನೂ ತೊಂದರೆಯಿಲ್ಲ. ಎದುರಿಗೆ ನಾಲ್ಕು ಜನ ನಿಂತು ಅವಳ ಬಾಯನ್ನೇ ನೋಡಿದರೆ ಮುಗಿಯಿತು. ಅದರಲ್ಲೂ ‘ಪ’ ಅಕ್ಷರ ಬಂದರೆ ತುಟಿಗಳು ಅಂಟಿಕೊಂಡುಬಿಡುತ್ತವೆ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ್ದರಿಂದ ನಾನು ಅವಳನ್ನು ರಮಕ್ಕ ಎನ್ನುತ್ತೇನೆ. ಅವಳಿಗೆ ಮದುವೆಯಾಗಲಿಲ್ಲ. ಗುಮ್ಮಳಾಪುರದ ಬಸ್ ಸ್ಟಾಪಿನ ಪಕ್ಕದಲ್ಲಿ ಹದಿನೈದು ವರ್ಷದಿಂದ ಟೀ ಅಂಗಡಿ ನಡೆಸುತ್ತಿದ್ದಾಳೆ. ಹೊಸೂರಿನ ಫ್ಯಾಕ್ಟರಿಗಳಿಗೆ ಹೋಗುವವರು ಬೆಳಗಿನ ಶಿಫ್ಟಿನ ವ್ಯಾನು ಬರುವವರೆಗೆ ನಿಲ್ಲುವುದು ಅಲ್ಲಿಯೇ.

ನಾನು ಹಂಸಾ, ಹೊಸೂರಿನಲ್ಲಿ ಶಾಲೆಯ ಟೀಚರು. ಈ ಕತೆಯಲ್ಲಿ ನನ್ನದೂ ಒಂದು ಪಾಲಿದೆ. ಅದು ಹೆಮ್ಮೆಪಡುವಂಥದ್ದಲ್ಲ.

ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ರಮಕ್ಕನ ಮೊದಲ ತಮ್ಮ ಚನ್ನಕೇಶವನ ಮಗನಿಗೆ ಪ್ರದ್ಯುಮ್ನ ಎಂದು ಹೆಸರು ಆರಿಸಿದ್ದರು. ಮನೆ ತುಂಬ ಜನ. ರಮಕ್ಕ ಹೊಸ ಸೀರೆಯುಟ್ಟು ತೊಟ್ಟಿಲ ಮೇಲೆ ಬಗ್ಗಿದಳು. ‘ಪ್... ಪ್...’ ಅಷ್ಟೇ. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ಹಿಂದಿನಿಂದ ಯಾರೋ, “ಗಾಡಿ ಸ್ಟಾರ್ಟ್ ಆಗ್ತಿಲ್ಲ, ಇನ್ನೊಂದು ಕಿಕ್ ಹೊಡೀರ್‍ಲಾ” ಎಂದರು. ಜನ ಗೊಳ್ಳೆಂದರು. ನಾನು ಮುಂದೆ ನುಗ್ಗಿ, ಅವಳ ಪಕ್ಕದಲ್ಲೇ ಬಗ್ಗಿ, ಹೆಸರು ಹೇಳಿ ಮುಗಿಸಿಬಿಟ್ಟೆ. ಉಪಕಾರ ಮಾಡಿದೆ ಅಂದುಕೊಂಡಿದ್ದೆ. ರಮಕ್ಕ ಹಿತ್ತಲಿಗೆ ಹೋದವಳು ಊಟಕ್ಕೂ ಬರಲಿಲ್ಲ. ಅಂದಿನಿಂದ ನೆಂಟರ ಮನೆಯ ಯಾವ ಶುಭಕಾರ್ಯಕ್ಕೆ ಕರೆದರೂ ಅವಳ ಉತ್ತರ ಒಂದೇ: ಅಂಗಡಿ ಇದೆ.

ಆ ದಿನ ಬಾಗಿಲ ಬಳಿ ನಿಂತು ಇದೆಲ್ಲ ನೋಡಿದವಳು ಗಂಗಾದೇವಿ. ರಮಕ್ಕನ ಎರಡನೇ ತಮ್ಮ ಅಂಬರೀಶನ ಹೆಂಡತಿ, ಆಗಿನ್ನೂ ಹೊಸ ಮದುವಣಗಿತ್ತಿ. ಕೃಷ್ಣಗಿರಿಯ ಹುಡುಗಿ; ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಾಳೆ. ಹೊಸೂರಿನ ಮೋಟಾರು ಬಿಡಿಭಾಗಗಳ ಕಂಪನಿಯಲ್ಲಿ ಕೆಲಸ. ಮೂರು ವರ್ಷ ದಿನಾ ಬೆಳಿಗ್ಗೆ ರಮಕ್ಕನ ಅಂಗಡಿಯ ಮುಂದೆ ವ್ಯಾನಿಗೆ ಕಾದಳು. ಕಳೆದ ವರ್ಷ ಅವಳಿಗೆ ಹೆಣ್ಣುಮಗು ಹುಟ್ಟಿತು.

ದೊಡ್ಡಪ್ಪ ಜೋಯಿಸರ ಬಳಿ ಹೋದರು. ಬಂದ ಅಕ್ಷರ ‘ಪ’. ಅಂಬರೀಶ ಎರಡು ದಿನ ಫೋನು ತೀಡಿ ‘ಪ್ರಣಮ್ಯಶ್ರೀ’ ಎಂಬ ಹೆಸರು ಹುಡುಕಿದ. ದೊಡ್ಡಮ್ಮ ಅಕ್ಕಯಮ್ಮ ನನಗೆ ಫೋನು ಮಾಡಿದರು. “ಹಂಸಾ, ಈ ಸಲಾನೂ ಹೆಸ್ರು ಹೇಳಾಕೆ ನೀನೇ ಬಂದ್ಬುಡವ್ವಾ. ರಮಾನ್ನ ಯಾಕೆ ಸುಮ್ನೆ ನೋಯಿಸಾದು.” ನಾನು ಹೂಂ ಅಂದೆ.

ಮೂರನೇ ತಿಂಗಳಲ್ಲಿ ನಾಮಕರಣ. ಹಿಂದಿನ ದಿನವೇ ನಾನು ಊರಿಗೆ ಹೋದೆ. ಗಂಗಾ ಕೋಣೆಯಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಬಾಗಿಲು ಮುಂದಕ್ಕೆ ಮಾಡಿ ಬನ್ನಿ ಎಂದಳು.

“ಹಂಸಕ್ಕ, ನಾಳೆ ಹೆಸ್ರು ಹೇಳೋದು ನೀವಂತೆ?”

“ದೊಡ್ಡಮ್ಮ ಹೇಳಿದ್ರು ಕಣೇ.”

“ರಮಕ್ಕ ಮನೇಲಿ ಇರುವಾಗ್ಲೇ?”

ಗಂಗಾ ಮಗುವಿನ ಮುಷ್ಟಿ ಬಿಡಿಸುತ್ತ, “ಅವ್ರ ಅಂಗಡೀಲಿ ಎಲ್ರೂ ಏಲಕ್ಕಿ ಟೀನೇ ಯಾಕೆ ಕುಡೀತಾರೆ ಗೊತ್ತಾ?” ಎಂದಳು.

“ಚೆನ್ನಾಗಿರ್ತದೆ, ಅದಕ್ಕೆ.”

“ಶುಂಠಿ ಟೀನೂ ಚೆನ್ನಾಗಿರ್ತದೆ. ಮೂರು ವರ್ಷ ನಿಂತ್ಕೊಂಡು ನೋಡಿವ್ನಿ. ಹೊಸಬ್ರು ಬಂದು ಏನೈತೆ ಅಂದ್ರೆ, ರಮಕ್ಕಂಗೆ ‘ಶುಂಠಿ’ ಅನ್ನಾಕೋದ್ರೆ ಸಿಕ್ಕಾಕ್ಕೊಂತದೆ. ‘ಏಲಕ್ಕಿ’ ಮಾತ್ರ ಬೆಣ್ಣೇಲಿ ಕೂದ್ಲು ತೆಗ್ದಂಗೆ ಬತ್ತದೆ. ಅದಕ್ಕೇ ಎಲ್ರನ್ನೂ ‘ಏಲಕ್ಕಿ?’ ಅಂತ ಕೇಳ್ತಾರೆ, ಎಲ್ರೂ ಹೂಂ ಅಂತಾರೆ. ಇಪ್ಪತ್ತು ಜನ ನಿಂತಿದ್ರೂ ಸೈ, ಒಂದಿನಾನೂ ಆ ಮಾತು ತಡೆದಿಲ್ಲ.”

ನಾನು ನಗಲು ಹೋಗಿ ನಿಲ್ಲಿಸಿದೆ. ಅವಳು ಏನು ಹೇಳುತ್ತಿದ್ದಾಳೆಂದು ಆಗ ಹೊಳೆಯಿತು.

“ಗಂಗಾ, ಅಂದ್ರೆ ಮಗೀಗೆ...”

“ಏಲಕ್ಕಿ,” ಎಂದಳು, ಮಗುವಿನ ಮುಖ ನೋಡುತ್ತ. “ಚೆನ್ನಾಗಿಲ್ವಾ?”

“ಜನ ನಗ್ತಾರೆ ಕಣೇ.”

“ನಗ್ಲಿ. ಹೆಸ್ರಿಗೆ ನಗ್ಲಿ, ರಮಕ್ಕನ್ನ ನೋಡಿ ನಗೋದು ಬ್ಯಾಡ. ಆದ್ರೆ ಈ ಮಾತು ನಮ್ಮಿಬ್ರಲ್ಲೇ ಇರ್ಲಿ ಅಕ್ಕ. ತನಗೋಸ್ಕರ ಅಂತ ಗೊತ್ತಾದ್ರೆ ಅವ್ರ ಬಾಯಲ್ಲಿ ಅದೂ ನಿಂತೋಗ್ತದೆ.”

ಮಧ್ಯಾಹ್ನ ಊಟಕ್ಕೆ ಕೂತಾಗ ಗಂಗಾ ಎಲ್ಲರೆದುರು ಹೆಸರು ಹೇಳಿದಳು. ರಮಕ್ಕ ಆಗ ಮುದ್ದೆ ಬಡಿಸುತ್ತಿದ್ದಳು.

“ಏಲಕ್ಕಿ?” ದೊಡ್ಡಪ್ಪ ಕೈ ತಟ್ಟೆಯಲ್ಲೇ ಬಿಟ್ಟರು. “ಅದೇನು ಹೆಸ್ರಮ್ಮಾ? ಅಡಿಗೆ ಮನೆ ಡಬ್ಬದಾಗಿರೋ ಸಾಮಾನು. ನಾಳೆ ಇನ್ನೊಂದು ಮಗ ಆದ್ರೆ ಲವಂಗ ಅಂತೀಯಾ?”

“ಇಸ್ಕೂಲಲ್ಲಿ ಬಾಳೆಹಣ್ಣು ಅಂತ ಕೂಗ್ತಾರೆ ಕಣೇ,” ಎಂದ ಅಂಬರೀಶ.

ಗಂಗಾ ಅಳುಕಲಿಲ್ಲ. “ಮಾವ, ಬಸ್ರೀಲಿ ನಂಗೆ ಅನ್ನ ಸೇರ್ತಿರಲಿಲ್ಲ, ನೀರು ಸೇರ್ತಿರಲಿಲ್ಲ. ಬಾಯಿಗೆ ಒಗ್ತಿದ್ದದ್ದು ಏಲಕ್ಕಿ ಒಂದೇ. ಬಾಯಲ್ಲಿ ಒಂದು ಕಾಳು ಹಾಕ್ಕೊಂಡೇ ಫ್ಯಾಕ್ಟರಿ ಲೈನಲ್ಲಿ ನಿಂತು ಕೆಲ್ಸ ಮಾಡಿವ್ನಿ. ಈ ಮಗೀನ ಉಳಿಸಿಕೊಟ್ಟಿದ್ದೇ ಅದು. ಜಾತಕದಲ್ಲಿ ಪ್ರಣಮ್ಯಶ್ರೀ ಇರ್ಲಿ, ನಾನು ಬ್ಯಾಡ ಅನ್ನಾಕಿಲ್ಲ. ಕೂಗೋ ಹೆಸ್ರು ಮಾತ್ರ ನಂಗೆ ಬಿಟ್ಬುಡಿ.”

ಒಂಬತ್ತು ತಿಂಗಳು ಹೊತ್ತವಳ ಈ ಮಾತಿಗೆ ಯಾರು ಏನು ಹೇಳಿಯಾರು? ದೊಡ್ಡಪ್ಪ ಒಂದು ತುತ್ತು ಮುದ್ದೆ ನುಂಗಿ, ನೀರು ಕುಡಿದು, “ಏಲಕ್ಕಿ,” ಎಂದು ಇನ್ನೊಮ್ಮೆ ಹೇಳಿ ನೋಡಿದರು. “ಆಯ್ತು ಬಿಡು. ಪರಿಮಳದ ಪದಾರ್ಥವೇ ಅಲ್ವಾ.” ರಮಕ್ಕ ಸಾರಿನ ಪಾತ್ರೆ ತರಲು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ತೊಟ್ಟಿಲಿಗೆ ಚೆಂಡುಹೂವು ಕಟ್ಟಿದ್ದರು. ನೆಂಟರು, ಫ್ಯಾಕ್ಟರಿಯ ಗೆಳತಿಯರು, ಅಕ್ಕಪಕ್ಕದವರು ಎಲ್ಲ ಸೇರಿದ್ದರು. ದೊಡ್ಡಮ್ಮ ನನ್ನ ಕೈಗೆ ವೀಳ್ಯದೆಲೆ ಕೊಡಲು ಬಂದರು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

“ದೊಡ್ಡಮ್ಮ, ಒಡಹುಟ್ಟಿದ ಅಕ್ಕ ಇರುವಾಗ ನಾನ್ಯಾಕೆ? ರಮಕ್ಕನ್ನ ಕರೀರಿ.”

ದೊಡ್ಡಮ್ಮನ ಮುಖ ಬಿಳಿಚಿಕೊಂಡಿತು. ರಮಕ್ಕ ಅಡಿಗೆಮನೆಯ ಬಾಗಿಲಲ್ಲಿ ಕೈ ಒರೆಸುತ್ತ ನಿಂತಿದ್ದಳು. ಅವಳು ಬರುವುದಿಲ್ಲ ಎಂದೇ ನನಗೆ ಅನ್ನಿಸಿತು. ಅವಳು ಗಂಗಾಳ ಕಡೆ ನೋಡಿದಳು. ಗಂಗಾ ಏನೂ ಗೊತ್ತಿಲ್ಲದವಳಂತೆ ಮಗುವಿನ ಟೋಪಿ ಸರಿಮಾಡುತ್ತಿದ್ದಳು. ರಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು. ಜನರ ಮಧ್ಯೆ ದಾರಿಯಾಯಿತು. ಹಿಂದಿನ ನಾಮಕರಣ ನೆನಪಿದ್ದವರು ನೆಲ ನೋಡಿದರು.

ರಮಕ್ಕ ವೀಳ್ಯದೆಲೆಯನ್ನು ಮಗುವಿನ ಕಿವಿಗೆ ಮರೆ ಹಿಡಿದು ಬಗ್ಗಿದಳು. ಒಂದು ಗಳಿಗೆ ಏನೂ ಕೇಳಿಸಲಿಲ್ಲ.

“ಏಲಕ್ಕಿ,” ಎಂದಳು. ಮತ್ತೆ, “ಏಲಕ್ಕಿ.” ಮೂರನೆಯ ಸಲ ತಲೆಯೆತ್ತಿ, ಇಡೀ ಮನೆಗೆ ಕೇಳುವಂತೆ, “ಏಲಕ್ಕೀ!” ಎಂದು ಕರೆದಳು.

ಜನ ನಕ್ಕರು. “ಏಲಕ್ಕಿಯಂತೆ!” ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು. ರಮಕ್ಕನೂ ನಕ್ಕಳು, ಹಲ್ಲು ಕಾಣುವಂತೆ. ದೊಡ್ಡಮ್ಮ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು ತೊಟ್ಟಿಲು ತೂಗಿದರು.

ಸಂಜೆ ನೆಂಟರೆಲ್ಲ ಹೋದ ಮೇಲೆ ಹಿತ್ತಲಲ್ಲಿ ರಮಕ್ಕನೂ ನಾನೂ ಪಾತ್ರೆ ತೊಳೆಯುತ್ತಿದ್ದೆವು. ಇದ್ದಕ್ಕಿದ್ದಂತೆ ಅವಳು, “ಗಂಗಾ ಸು... ಸುಳ್ಳು ಹೇಳಿದ್ಲು ಕಣೇ,” ಎಂದಳು.

“ಏನು ಸುಳ್ಳು?”

“ಬಸ್ರೀಲಿ ಅವ್ಳಿಗೆ ಏಲಕ್ಕಿ ವಾಸ್ನೆನೇ ಆ... ಆಗ್ತಿರಲಿಲ್ಲ. ನಾನು ಟೀ ಕುದಿಸ್ತಿದ್ರೆ ಮೂಗು ಮುಚ್ಕೊಂಡು ಆ ಕಡೆ ಹುಣಸೆಮರದ ತಾವ ಹೋಗಿ ನಿಂತ್ಕೊಳ್ಳೋಳು. ವ್ಯಾನು ಬರೋಗಂಟ ಈ ಕಡೆ ತಿ... ತಿರುಗ್ತಿರಲಿಲ್ಲ.”

ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ. “ಹಂಗಾದ್ರೆ ಯಾಕೆ ಅಂತ ನಿಂಗೆ ಗೊತ್ತಾಯ್ತಾ?”

“ನೆನ್ನೆ ಮು... ಮುದ್ದೆ ಬಡಿಸ್ತಿದ್ದಾಗ್ಲೇ ಗೊತ್ತಾತು.”

“ಮತ್ತೆ ಸುಮ್ನಿದ್ಯಲ್ಲಾ ರಮಕ್ಕ?”

ಅವಳು ಬೂದಿಯಲ್ಲಿ ತಪ್ಪಲೆ ಉಜ್ಜಿದಳು. “ಮಾವನ ಎದ್ರುಗೆ ನಿಂತು ಅಷ್ಟು ಚೆಂದಾಗಿ ಸುಳ್ಳೇಳ್ತಾವ್ಳೆ. ನಾನ್ಯಾಕೆ ಕೆ... ಕೆಡಿಸ್ಲಿ?”

ನಾನು ಪ್ರದ್ಯುಮ್ನನ ನಾಮಕರಣದ ದಿನದ ಬಗ್ಗೆ ತಪ್ಪಾಯಿತು ಅಂದೆ. ಅವಳು ನೀರು ಹಾಕು ಅಂದಳು. ಹಾಕಿದೆ.

ಗೊತ್ತಾದರೆ ಆ ಮಾತೂ ನಿಂತುಹೋಗುತ್ತದೆ ಎಂದು ಗಂಗಾ ಹೆದರಿದ್ದಳು. ಗೊತ್ತಿದ್ದೇ ರಮಕ್ಕ ಅಷ್ಟು ಜನರ ನಡುವೆ ನಿಂತು ಮೂರು ಸಲ ಕರೆದಿದ್ದಳು. ಇವರಿಬ್ಬರಲ್ಲಿ ಯಾರು ದೊಡ್ಡವರು ಎಂದು ನನಗೆ ಇಂದಿಗೂ ತೀರ್ಮಾನಿಸಲು ಆಗಿಲ್ಲ.

ಹೆಸರು ನೋಂದಾಯಿಸಲು ಅಂಬರೀಶನ ಜೊತೆ ಹೊಸೂರಿನ ಕಚೇರಿಗೆ ಹೋದವಳೂ ರಮಕ್ಕನೇ. ಮೇಜಿನ ಹಿಂದಿದ್ದ ಹೆಂಗಸು “ಪಾಪಾ ಪೇರ್ ಎನ್ನಮ್ಮಾ?” ಎಂದು ತಮಿಳಿನಲ್ಲಿ ಮಗುವಿನ ಹೆಸರು ಕೇಳಿದರಂತೆ. ರಮಕ್ಕ ಹೇಳಿದಳಂತೆ. ಆಕೆ ಪೆನ್ನು ಹಿಡಿದೇ ತಲೆಯೆತ್ತಿ, ನಿಜವಾಗಿಯೂ ಇದೇ ಹೆಸರಾ ಎಂದು ಎರಡು ಸಲ ಕೇಳಿ, ಆಮೇಲೆ ಪಕ್ಕದ ಮೇಜಿನವರನ್ನೂ ಕರೆದು ಹೇಳಿದರಂತೆ, ಎಷ್ಟು ಚೆನ್ನಾಗಿದೆ ನೋಡಿ ಎಂದು.

ಮಗುವಿಗೆ ಈಗ ಒಂದೂವರೆ ವರ್ಷ. ಗಂಗಾ ಮತ್ತೆ ಶಿಫ್ಟಿಗೆ ಹೋಗುತ್ತಾಳೆ. ಬೆಳಗಿನ ಗಿರಾಕಿಗಳು ತಗ್ಗಿದ ಮೇಲೆ ದೊಡ್ಡಪ್ಪ ಮಗುವನ್ನು ಎತ್ತಿಕೊಂಡು ಟೀ ಅಂಗಡಿಗೆ ಬರುತ್ತಾರೆ. ನಿನ್ನ ಹೆಸರೇನು ಎಂದು ಯಾರಾದರೂ ಕೇಳಿದರೆ ಅವಳು “ಅಕ್ಕಿ” ಎನ್ನುತ್ತಾಳೆ. ಗಿರಾಕಿಗಳು ಕಿಲೋ ಎಷ್ಟು ಎಂದು ರೇಗಿಸುತ್ತಾರೆ. ಆಗ ರಮಕ್ಕ ಒಲೆ ಸಣ್ಣಗೆ ಮಾಡಿ, ಅವಳನ್ನು ಬೆಂಚಿನ ಮೇಲೆ ಕೂರಿಸಿ, ಎದುರಿಗೆ ಕುಕ್ಕರಗಾಲಲ್ಲಿ ಕೂತು, “ಹಂಗಲ್ಲ ಕಣವ್ವಾ, ನನ್ನ ಬಾಯಿ ನೋಡು,” ಎನ್ನುತ್ತಾಳೆ. ಮಗು ಅವಳ ತುಟಿಯನ್ನೇ ನೋಡುತ್ತದೆ.